ಎದೆ ಢವಢವ ಮತ್ತು ‘ಹುಡುಗ ಸೆಟಲ್ ಆಗಿದ್ದಾನಾ?’: ಮಲೆನಾಡಿನ ಮದುವೆ ಲೆಕ್ಕ ತಪ್ಪುತ್ತಿರುವುದೆಲ್ಲಿ?

ಮಲೆನಾಡಿನ ಯಾವ ಮದುವೆ ಮನೆಗಾದರೂ ಹೋಗಿ. ಊಟ ಮುಗಿಸಿ ಎಲೆ ಅಡಿಕೆ ತಟ್ಟೆಯ ಸುತ್ತ ಕೂತ ಹಿರಿಯರ ಬಾಯಲ್ಲಿ ಒಂದೇ ಪ್ರಶ್ನೆ: “ಹುಡುಗ ಸೆಟಲ್ ಆಗಿದ್ದಾನಾ?” ಅದೇ ಛತ್ರದ ಹೊರಗೆ, ಬೈಕುಗಳ ಹತ್ತಿರ ನಿಂತ ಹುಡುಗಿಯರದ್ದು ಬೇರೆ ಮಾತು: “ಒಳ್ಳೆಯವನೇ ಮಾರಾಯ್ತಿ, ಆದ್ರೆ ಸ್ವಲ್ಪ ಬೋರು.” ಫೋನ್ ತೆಗೆದರೆ ಅಲ್ಲೂ ಇದೇ ಚರ್ಚೆ. ಥ್ರಿಲ್ ಕೊಡುವವರನ್ನು ಬಿಡಿ, ನೆಮ್ಮದಿ ಕೊಡುವವರನ್ನು ಹಿಡಿಯಿರಿ ಅಂತ ರೀಲ್ಸ್‌ಗಳಲ್ಲಿ ಉಪದೇಶವೋ ಉಪದೇಶ.

ಹಿರಿಯರಿಗೆ ಭದ್ರತೆ ಬೇಕು, ಕಿರಿಯರಿಗೆ ಥ್ರಿಲ್ ಬೇಕು ಅಂತ ನಾವು ಇದನ್ನು ತಲೆಮಾರಿನ ಜಗಳ ಮಾಡಿಬಿಟ್ಟಿದ್ದೇವೆ. ನನಗೆ ಇಬ್ಬರ ಅಳತೆಗೋಲೂ ತಪ್ಪಾಗಿ ಕಾಣುತ್ತದೆ. ಕಿರಿಯರು ಥ್ರಿಲ್ ಅಂದುಕೊಂಡಿದ್ದರಲ್ಲಿ ಅರ್ಧ ಬರೀ ಆತಂಕ. ಹಿರಿಯರು ಭದ್ರತೆ ಅಂದುಕೊಂಡಿದ್ದರಲ್ಲಿ ಮುಕ್ಕಾಲು ಪಾಲು ಸಂಬಳ ಮತ್ತು ಪಹಣಿ. ಆ ಮನುಷ್ಯ ದಿನಾ ಬೆಳಗಾದರೆ ಹೇಗಿರುತ್ತಾನೆ, ಆ ಹೆಣ್ಣುಮಗಳು ಹೇಗಿರುತ್ತಾಳೆ ಅನ್ನುವುದನ್ನು ಕೇಳುವವರೇ ಕಡಿಮೆ.

ಗ್ಯಾರಂಟಿ ಇಲ್ಲದಿರುವುದರ ರುಚಿ

2011ರಲ್ಲಿ ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ 47 ವಿದ್ಯಾರ್ಥಿನಿಯರ ಮೇಲೆ ನಡೆದ ಒಂದು ಪ್ರಯೋಗ ಪ್ರಕಟವಾಯಿತು. ಅವರಿಗೆ ಕೆಲವು ಹುಡುಗರ ಫೇಸ್‌ಬುಕ್ ಪ್ರೊಫೈಲ್ ತೋರಿಸಿದರು. ಒಂದು ಗುಂಪಿಗೆ, ಈ ಹುಡುಗರಿಗೆ ನೀವು ತುಂಬಾ ಹಿಡಿಸಿದ್ದೀರಿ ಅಂದರು. ಇನ್ನೊಂದು ಗುಂಪಿಗೆ, ಏನೋ ಸಾಧಾರಣವಾಗಿ ಹಿಡಿಸಿದ್ದೀರಿ ಅಂದರು. ಮೂರನೆಯ ಗುಂಪಿಗೆ, ತುಂಬಾ ಹಿಡಿಸಿರಬಹುದು, ಸಾಧಾರಣವೂ ಇರಬಹುದು, ಗೊತ್ತಿಲ್ಲ ಅಂದರು. ಆ ಹುಡುಗರ ಮೇಲೆ ಎಲ್ಲರಿಗಿಂತ ಜಾಸ್ತಿ ಮನಸ್ಸಾದದ್ದು ಈ ‘ಗೊತ್ತಿಲ್ಲ’ ಗುಂಪಿಗೆ. ಮತ್ತೆ ಮತ್ತೆ ಅವರನ್ನೇ ನೆನೆದವರೂ ಇವರೇ.

ಯಾಕೆ ಹೀಗೆ? ನರವಿಜ್ಞಾನಿ ವುಲ್ಫ್‌ರಾಮ್ ಶುಲ್ಟ್ಸ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಮಂಗಗಳ ಪ್ರಯೋಗದಲ್ಲಿ ಉತ್ತರದ ಒಂದು ತುದಿ ಸಿಗುತ್ತದೆ. ಮಂಗಕ್ಕೆ ಒಂದು ಚಿತ್ರ ತೋರಿಸುವುದು, ಆಮೇಲೆ ಕುಡಿಯಲು ಒಂದು ಗುಟುಕು ಕೊಡುವುದು ಅಥವಾ ಕೊಡದಿರುವುದು. ಗುಟುಕು ಬಂದೇ ಬರುತ್ತದೆ ಅಂತ ಗೊತ್ತಿದ್ದಾಗ ಕಾಯುವ ಹೊತ್ತಿನಲ್ಲಿ ಮಿದುಳಿನ ಡೋಪಮೈನ್ ಕೋಶಗಳು, ಅಂದರೆ ಬಹುಮಾನದ ನಿರೀಕ್ಷೆಗೆ ಸ್ಪಂದಿಸುವ ಕೋಶಗಳು, ತಣ್ಣಗಿರುತ್ತಿದ್ದವು. ಬರುವುದೇ ಇಲ್ಲ ಅಂತ ಗೊತ್ತಿದ್ದಾಗಲೂ ಅಷ್ಟೆ. ಬರಬಹುದು, ಬಾರದೆಯೂ ಇರಬಹುದು ಅನ್ನುವ ಅರ್ಧಕ್ಕರ್ಧ ಸಂದರ್ಭದಲ್ಲಿ ಅವುಗಳ ಚಟುವಟಿಕೆ ಎಲ್ಲಕ್ಕಿಂತ ಜಾಸ್ತಿ ಏರುತ್ತಾ ಹೋಗುತ್ತಿತ್ತು. ಭದ್ರಾವತಿ, ಶಿವಮೊಗ್ಗದ ಕಡೆ ಓಸಿ ಎಂಬ ನಂಬರ್ ಜೂಜು ಆಡುವವರನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ದಿನಾ ನಂಬರ್ ಬಿದ್ದರೆ ಅದು ಸಂಬಳದ ಹಾಗಾಗುತ್ತದೆ. ಯಾವತ್ತೂ ಬೀಳದಿದ್ದರೆ ಜನ ಬಿಟ್ಟುಬಿಡುತ್ತಾರೆ. ಹೇಳದೆ ಕೇಳದೆ ಯಾವತ್ತೋ ಒಂದು ದಿನ ಬೀಳುವುದರಿಂದಲೇ ಅದು ಹಿಡಿದುಕೊಳ್ಳುತ್ತದೆ.

ಶಿವಮೊಗ್ಗದಲ್ಲಿ ಲ್ಯಾಬ್ ಟೆಕ್ನಿಷಿಯನ್ ಆಗಿರುವ ಹುಡುಗಿಯೊಬ್ಬಳು ನನಗೆ ಪರಿಚಯ. ಅವಳ ಮನಸ್ಸಿನಲ್ಲಿ ಇಬ್ಬರಿದ್ದರು. ಒಬ್ಬ ರಾತ್ರಿ ಒಂದೂವರೆಗೆ ಉದ್ದುದ್ದ ಮೆಸೇಜ್ ಕಳಿಸುತ್ತಿದ್ದ, ಆಮೇಲೆ ಮೂರು ದಿನ ಸದ್ದಿಲ್ಲ. ಒಮ್ಮೆ ಅವಳ ಜೊತೆ ಊಟಕ್ಕೆ ಕೂತಿದ್ದೆ. ತಟ್ಟೆಯ ಪಕ್ಕ ಫೋನನ್ನು ಬೋರಲು ಹಾಕಿದ್ದಳು. ಅದು ಗುರ್ ಅಂದಾಗೆಲ್ಲ ಬಾಯಿಯ ಹತ್ತಿರ ಹೋದ ತುತ್ತು ಅಲ್ಲೇ ನಿಲ್ಲುತ್ತಿತ್ತು. ಎಡಗೈಯಲ್ಲಿ ತಿರುಗಿಸಿ ನೋಡುವುದು, ಗ್ಯಾಸ್ ಬುಕಿಂಗ್ ಮೆಸೇಜು. ಮತ್ತೆ ಬೋರಲು. ಎರಡನೆಯವನು ಸಂಜೆ ಆರಕ್ಕೆ ಸರಿಯಾಗಿ “ಬಸ್ ಸಿಕ್ತಾ?” ಅಂತ ಕೇಳುವವನು. “ಅವನ ಮೆಸೇಜ್ ಬಂದ್ರೆ ಏನೂ ಆಗಲ್ಲ ಅಕ್ಕ,” ಅಂದಳು. ಏನೂ ಆಗಲ್ಲ ಅಂದ್ರೆ ಏನಾಗುತ್ತೆ ಅಂತ ಕೇಳಿದೆ. ಸ್ವಲ್ಪ ಯೋಚಿಸಿ, “ನಿದ್ದೆ ಬರುತ್ತೆ,” ಅಂದಳು. ಅದನ್ನು ಅವಳು ದೂರಿನ ಹಾಗೆ ಹೇಳಿದ್ದು ನನಗೆ ವಿಚಿತ್ರ ಅನ್ನಿಸಿತು. ನಿದ್ದೆ ಬರುವಷ್ಟು ನಿರಾಳವಾಗುವುದು ಸಣ್ಣ ವಿಷಯವಾ?

ಮಲೆನಾಡಿನಲ್ಲಿ ಇದಕ್ಕೆ ನೆಟ್‌ವರ್ಕ್ ಬೇರೆ ಒಗ್ಗರಣೆ ಹಾಕುತ್ತದೆ. ಮೊದಲ ಮಳೆಗೆ ಕರೆಂಟ್ ಹೋಗುತ್ತದೆ, ಅದರ ಹಿಂದೆ ಟವರ್ ಮಲಗುತ್ತದೆ. ಮೆಸೇಜಿಗೆ ಒಂದೇ ಟಿಕ್. ಅವನು ನೋಡಲಿಲ್ಲವೋ, ಹೊಸನಗರದ ಆ ಮೂಲೆಯಲ್ಲಿ ಸಿಗ್ನಲ್ ಇಲ್ಲವೋ? ಯಾರಿಗೆ ಗೊತ್ತು. ತಪ್ಪಿಸಿಕೊಳ್ಳುವ ಪ್ರೇಮಿಗೆ ಇಷ್ಟು ಅನುಕೂಲದ ನೆಪ ಬೇರೆ ಊರಿನಲ್ಲಿ ಸಿಗಲಿಕ್ಕಿಲ್ಲ!

ಹೆದರಿಕೆಯಿಂದ ಸಾಲ ತಂದ ಪ್ರೀತಿ

1974ರಲ್ಲಿ ಡೊನಾಲ್ಡ್ ಡಟನ್ ಮತ್ತು ಆರ್ಥರ್ ಅರೋನ್ ಕೆನಡಾದ ಕ್ಯಾಪಿಲಾನೋ ತೂಗುಸೇತುವೆಯ ಮೇಲೆ ಮಾಡಿದ ಪ್ರಯೋಗ ಮನಶ್ಶಾಸ್ತ್ರದ ಪಾಠಗಳಲ್ಲಿ ತುಂಬಾ ಹೆಸರುವಾಸಿ. ಕಣಿವೆಯ ಮೇಲೆ ತೂಗಾಡುವ ಆ ಸೇತುವೆ ದಾಟುವ ಗಂಡಸರನ್ನು ಒಬ್ಬ ಯುವತಿ ನಿಲ್ಲಿಸಿ ಪ್ರಶ್ನೆ ಕೇಳುತ್ತಿದ್ದಳು, ಆಮೇಲೆ ತನ್ನ ಫೋನ್ ನಂಬರ್ ಕೊಡುತ್ತಿದ್ದಳು. ಗಟ್ಟಿಯಾದ, ತಗ್ಗಿನ ಇನ್ನೊಂದು ಸೇತುವೆಯ ಮೇಲೂ ಇದೇ ನಾಟಕ. ಗಟ್ಟಿ ಸೇತುವೆಯಲ್ಲಿ ನಂಬರ್ ತೆಗೆದುಕೊಂಡ 16 ಜನರಲ್ಲಿ ಫೋನ್ ಮಾಡಿದವರು 2 ಮಂದಿ. ತೂಗುಸೇತುವೆಯಲ್ಲಿ 18ರಲ್ಲಿ 9. ಎದೆ ಬಡಿದುಕೊಂಡದ್ದು ಸೇತುವೆಗೆ. ಮನಸ್ಸು ಅದರ ಕ್ರೆಡಿಟ್ಟನ್ನು ಹುಡುಗಿಗೆ ಕೊಟ್ಟಿತು. ಮಳೆಗಾಲದಲ್ಲಿ ಹಳ್ಳದ ಮೇಲಿನ ಕಾಲುಸಂಕ ದಾಟಿ ಶಾಲೆಗೆ ಹೋದವರಿಗೆ ಆ ಬಡಿತದ ಪರಿಚಯ ಚೆನ್ನಾಗಿಯೇ ಇರುತ್ತದೆ.

ಈಗ ನಮ್ಮೂರಿನ ಕದ್ದು ಮುಚ್ಚಿ ನಡೆಯುವ ಪ್ರೀತಿಯನ್ನು ನೋಡಿ. ಶಿವಮೊಗ್ಗ ದೊಡ್ಡ ಊರೇ ಇರಬಹುದು, ಆದರೆ ಗಾಂಧಿ ಬಜಾರಿನಲ್ಲಿ ಹತ್ತು ಹೆಜ್ಜೆ ಹಾಕಿದರೆ ಒಬ್ಬ ಮಾವ, ಇಲ್ಲ ಒಬ್ಬ ಚಿಕ್ಕಪ್ಪ ಸಿಕ್ಕೇ ಸಿಗುತ್ತಾರೆ. ಹಾಗಾಗಿ ಜೋಡಿಗಳು ಗಾಜನೂರು ಡ್ಯಾಮಿನ ಕಡೆ ಹೋಗುತ್ತವೆ, ಸಕ್ರೆಬೈಲಿನ ಕಡೆ ಹೋಗುತ್ತವೆ. ಅಲ್ಲೂ ನೆಮ್ಮದಿ ಇಲ್ಲ. ಸಾಗರದ ಹುಡುಗಿ ತನ್ನೂರಿನ ಕೆಎ-15 ನಂಬರಿನ ಕಾರು ಕಂಡರೆ ಸಾಕು, ದುಪಟ್ಟಾ ಮುಖಕ್ಕೆ ಎಳೆದುಕೊಳ್ಳುತ್ತಾಳೆ. ಭೇಟಿಯ ಆ ಒಂದು ಗಂಟೆ ಪೂರ್ತಿ ಎದೆ ಹೊಡೆದುಕೊಳ್ಳುತ್ತದೆ. ಇದರಲ್ಲಿ ಅವನಿಗೆ ಎಷ್ಟು, ಕಾರಿಗೆ ಎಷ್ಟು ಅಂತ ಬೇರ್ಪಡಿಸಿ ನೋಡುವುದು ಅವಳಿಂದ ಆ ಹೊತ್ತಿನಲ್ಲಿ ಸಾಧ್ಯವೇ ಇಲ್ಲ. ಓಡಿಹೋಗಿ ಮದುವೆಯಾದ ಜೋಡಿಗಳಲ್ಲಿ ಕೆಲವರು, ಎರಡೂ ಮನೆಯವರು ಒಪ್ಪಿ ಕರೆದುಕೊಂಡ ಮೇಲೆ ಸಪ್ಪಗಾಗುವುದನ್ನು ನೋಡಿದ್ದೇನೆ. ಹೋರಾಟ ಮುಗಿಯಿತು. ಬಾಡಿಗೆ ಮನೆಯಲ್ಲಿ ಎದುರು ಬದುರು ಕೂತರೆ ಮಾತಿಗೆ ವಿಷಯವಿಲ್ಲ.

ಮನೆಯವರು ಅಡ್ಡ ಬಂದಷ್ಟೂ ಪ್ರೀತಿ ಹೆಚ್ಚುತ್ತದೆ ಅಂತ 1972ರ ಒಂದು ಅಧ್ಯಯನ ಹೇಳಿತ್ತು. ಎಲ್ಲರೂ ಅದನ್ನೇ ನಂಬಿಕೊಂಡಿದ್ದರು. 2014ರಲ್ಲಿ ಅದನ್ನು ಮತ್ತೆ ಪರೀಕ್ಷೆ ಮಾಡಿದವರಿಗೆ ಆ ಫಲಿತಾಂಶ ಸಿಗಲಿಲ್ಲ. ಸುತ್ತಲಿನವರ ಒಪ್ಪಿಗೆ ಇದ್ದ ಕಡೆಯೇ ಪ್ರೀತಿ, ನಂಬಿಕೆ ಜಾಸ್ತಿ ಕಂಡಿತು. ಇದನ್ನು ಓದಿ “ನೋಡಿ, ನಾವು ಹೇಳಿದ್ದೇ ಸರಿ” ಅಂತ ಅಪ್ಪ ಅಮ್ಮಂದಿರು ಹಿಗ್ಗಬೇಕಾಗಿಲ್ಲ. ಒಪ್ಪಿಗೆ ಕೊಡುವುದು, ಬಿಡುವುದು ಅವರ ಕೈಯಲ್ಲೇ ಇದೆಯಲ್ಲ. ಜಾತಿ ಬೇರೆ ಅನ್ನುವ ಒಂದೇ ಕಾರಣಕ್ಕೆ ಒಳ್ಳೆಯ ಜೋಡಿಯೊಂದನ್ನು ವರ್ಷಗಟ್ಟಲೆ ಬಸ್‌ಸ್ಟ್ಯಾಂಡುಗಳಲ್ಲಿ ಬಚ್ಚಿಟ್ಟುಕೊಳ್ಳುವ ಹಾಗೆ ಮಾಡಿ, ಆಮೇಲೆ ಲವ್ ಮ್ಯಾರೇಜ್ ಬಾಳುವುದಿಲ್ಲ ಅನ್ನುವುದು ಅನ್ಯಾಯ. ಸರಳ ವಿವಾಹಕ್ಕೆ ಮಂತ್ರ ಮಾಂಗಲ್ಯದ ದಾರಿ ಹಾಕಿಕೊಟ್ಟ ಕುವೆಂಪು ಅವರ ಕುಪ್ಪಳಿ ಇರುವುದು ಇದೇ ಜಿಲ್ಲೆಯಲ್ಲಿ.

ಅಂತೂ ಆ ಮೊದಲ ಕಾವು ಎಲ್ಲರಿಗೂ ಇಳಿಯುತ್ತದೆ. ಇಟಲಿಯ ಪೀಸಾದಲ್ಲಿ ಡೊನಾಟೆಲ್ಲಾ ಮರಾಜಿಟಿ ಎಂಬ ಮನೋವೈದ್ಯೆ ಹೊಸದಾಗಿ ಪ್ರೀತಿಯಲ್ಲಿ ಬಿದ್ದ 20 ಜನರ ರಕ್ತ ಪರೀಕ್ಷೆ ಮಾಡಿದ್ದರು. ಸೆರೊಟೋನಿನ್ ಎಂಬ ಮಿದುಳಿನ ರಾಸಾಯನಿಕಕ್ಕೆ ಸಂಬಂಧಿಸಿದ ಒಂದು ಅಂಶ, ಗೀಳು ರೋಗದವರಲ್ಲಿ ಕಡಿಮೆ ಇರುವಂತೆ ಇವರಲ್ಲೂ ಕಡಿಮೆ ಇತ್ತು. 12ರಿಂದ 18 ತಿಂಗಳ ನಂತರ ಅವರಲ್ಲಿ ಕೆಲವರನ್ನು ಮತ್ತೆ ಪರೀಕ್ಷಿಸಿದಾಗ ಅದು ಮಾಮೂಲಿಗೆ ಬಂದಿತ್ತು. 1999ರ ಈ ಅಧ್ಯಯನ ಚಿಕ್ಕದು, ಅದನ್ನೇ ವೇದವಾಕ್ಯ ಮಾಡಬೇಕಾಗಿಲ್ಲ. ಆದರೂ ಒಂದೆರಡು ವರ್ಷದ ಆಚೆ ಪ್ರೀತಿಸಿದವರು ಯಾರಿಗಾದರೂ ಇದು ಸುಳ್ಳು ಅನ್ನಿಸುವುದಿಲ್ಲ.

ತೋಟವೂ ಗಟ್ಟಿಯಲ್ಲ, ಲ್ಯಾಪ್‌ಟಾಪೂ ಗಟ್ಟಿಯಲ್ಲ

ಹಾಗಾದರೆ ಹಿರಿಯರ ಲೆಕ್ಕ ಸರಿಯಾ? ಅಲ್ಲೇ ಇರುವುದು ತಮಾಷೆ. ಮೂವತ್ತು ನಲವತ್ತು ವರ್ಷದ ಹಿಂದೆ ಮಲೆನಾಡಿನಲ್ಲಿ ಭದ್ರತೆ ಅಂದರೆ ಅಡಿಕೆ ತೋಟ. ಒಂದಿಷ್ಟು ಎಕರೆ ಬಾಗಾಯ್ತು, ಹೆಂಚಿನ ಮನೆ, ಕೊಟ್ಟಿಗೆ ಇದ್ದರೆ ಹೆಣ್ಣು ಕೊಡಲು ಸಾಲು ನಿಲ್ಲುತ್ತಿದ್ದರು. ಇವತ್ತು ತೋಟ ಇರುವ ಹುಡುಗನಿಗೆ ಮೂವತ್ತೈದು ದಾಟಿದರೂ ಹೆಣ್ಣು ಸಿಗುತ್ತಿಲ್ಲ. ಸ್ವತಃ ತೋಟ ಇರುವ ಅಪ್ಪನೇ ತನ್ನ ಮಗಳನ್ನು ತೋಟದ ಮನೆಗೆ ಕೊಡುವುದಿಲ್ಲ. ಇದು ನಮ್ಮ ಕಡೆಯ ಕತೆ ಮಾತ್ರ ಅಲ್ಲ. 2023ರ ಫೆಬ್ರುವರಿಯಲ್ಲಿ ಮಂಡ್ಯದ ಕಡೆಯ ಅವಿವಾಹಿತ ಯುವಕರು ಮದುವೆ ಭಾಗ್ಯ ಬೇಡಿಕೊಂಡು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆಯನ್ನೇ ಮಾಡಿದರು.

ಹುಡುಗಿಯರಿಗೆ ಪೇಟೆಯ ಹುಚ್ಚು ಅಂತ ಬೈಯುವುದು ಸುಲಭ. ತೋಟದ ಮನೆಗೆ ಸೊಸೆಯಾಗಿ ಬಂದವಳ ದಿನ ಹೇಗಿರುತ್ತದೆ ಅಂತ ಒಮ್ಮೆ ನೋಡಬೇಕು. ಕೊಯ್ಲಿನ ತಿಂಗಳುಗಳಲ್ಲಿ ಅಡಿಕೆ ಸುಲಿಯಲು ಬಂದವರಿಗೆಲ್ಲ ಕಾಫಿ, ತಿಂಡಿ, ಊಟ. ಆಳು ಸಿಗದಿದ್ದರೆ ತಾನೇ ಮೆಟ್ಟುಗತ್ತಿಯ ಮುಂದೆ ಕೂರಬೇಕು. ಬಸ್ಸಿಗೆ ಮೂರು ಕಿಲೋಮೀಟರ್ ನಡೆಯಬೇಕು. ತೋಟದ ದುಡ್ಡು ಮಾವನ ಹೆಸರಿನ ಖಾತೆಗೆ ಹೋಗುತ್ತದೆ. ಇಂಥ ಮನೆ ಬೇಡ ಅನ್ನುವ ಹುಡುಗಿ ಥ್ರಿಲ್ ಹುಡುಕುತ್ತಿಲ್ಲ, ಅವಳದ್ದೂ ಭದ್ರತೆಯದೇ ಲೆಕ್ಕ.

ಇನ್ನು ತೋಟ ಎಷ್ಟು ಗಟ್ಟಿ? ರಾಶಿ ಇಡಿ, ಬೆಟ್ಟೆ, ಸರಕು, ಗೊರಬಲು, ಅಡಿಕೆಯ ಈ ಬಗೆಗಳಲ್ಲಿ ಯಾವುದರ ರೇಟು ನಾಳೆ ಎಲ್ಲಿರುತ್ತದೆ ಅಂತ ಶಿವಮೊಗ್ಗದ ಮಂಡಿಯಲ್ಲಿ ಕೂತವರಿಗೂ ಗೊತ್ತಿಲ್ಲ. ಮಳೆ ಹಿಡಿದರೆ ಕೊಳೆ ರೋಗ. ಈಚೆಗೆ ತೀರ್ಥಹಳ್ಳಿ, ಹೊಸನಗರ, ಕೊಪ್ಪ, ಶೃಂಗೇರಿಯ ತೋಟಗಳಲ್ಲಿ ಎಲೆಚುಕ್ಕಿ ರೋಗ. ಬೆಂಗಳೂರಿನ ಕೆಲಸ ಗಟ್ಟಿ ಅಂದುಕೊಂಡವರು 2020ರಲ್ಲಿ ಲ್ಯಾಪ್‌ಟಾಪ್ ಹಿಡಿದು ಊರಿಗೆ ಬಂದು, ಸಿಗ್ನಲ್ಲಿಗೆ ಗುಡ್ಡ ಹತ್ತಿದ್ದನ್ನು ನಾವೆಲ್ಲ ನೋಡಿದ್ದೇವೆ. ಅದಾದ ಮೇಲೆ ಲೇಆಫ್‌ಗಳೂ ಬಂದವು. ಆಸ್ತಿ, ಕೆಲಸ ಎರಡೂ ಬೇಕು, ಬೇಡ ಅನ್ನುತ್ತಿಲ್ಲ. ಹೊಟ್ಟೆಗಿಲ್ಲದ ಮನೆಯಲ್ಲಿ ಪ್ರೀತಿಯ ಮಾತು ಕಷ್ಟ. ಆದರೆ ಅವು ಅಲ್ಲಾಡಿದ ದಿನ ಈ ಮನುಷ್ಯ ಏನಾಗುತ್ತಾನೆ ಅನ್ನುವುದೇ ದೊಡ್ಡ ಪ್ರಶ್ನೆ. ಬೆಳೆ ಹೋದ ವರ್ಷ ಕುಡಿಯುತ್ತಾನಾ, ಹೆಂಡತಿಯ ಮೇಲೆ ಹರಿಹಾಯುತ್ತಾನಾ, ಅಥವಾ ಪಕ್ಕ ಕೂತು “ಏನ್ ಮಾಡೋಣ ಹೇಳು” ಅನ್ನುತ್ತಾನಾ? ಪಹಣಿಯಲ್ಲಿ ಇದಕ್ಕೊಂದು ಕಾಲಂ ಇಲ್ಲ.

ತೀರ್ಥಹಳ್ಳಿ ಕಡೆಯ ಒಂದು ಮನೆಗೆ ಹೋಗಿದ್ದೆ. ಅಡಿಕೆ ಬೇಯಿಸುವ ದಿನ. ಹಂಡೆಯಲ್ಲಿ ಕೆಂಪು ಚೊಗರು ಕುದಿಯುತ್ತಿತ್ತು. ಯಜಮಾನರು ಹೊಗೆಯಲ್ಲಿ ಕಣ್ಣು ಕಿರಿದು ಮಾಡಿಕೊಂಡು, ಬೆಂದ ಅಡಿಕೆ ಎತ್ತಿ ಬುಟ್ಟಿಗೆ ಸುರಿಯುತ್ತಿದ್ದರು. ಅಂಗಳದಲ್ಲಿ ಚಾಪೆಯ ಮೇಲೆ ಅಡಿಕೆ ಹರವುತ್ತಿದ್ದ ಹೆಂಡತಿ ಕೂಗಿದರು: “ಹೋಯ್, ಮಂಗಟ್ಟೆ ಬಂತು, ಇಲ್ನೋಡಿ.” ಬೆವರು ಇಳಿಯುತ್ತಿತ್ತು, ಕೈಯಲ್ಲಿ ಬಿಸಿ ಸೌಟು. ಪುರುಸೊತ್ತಿಲ್ಲ ಅನ್ನಬಹುದಿತ್ತು. ಅವರು ಸೌಟು ಬದಿಗಿಟ್ಟು ನಾಲ್ಕು ಹೆಜ್ಜೆ ಬಂದು ತಲೆಯೆತ್ತಿ ಆ ದೊಡ್ಡ ಕೊಕ್ಕಿನ ಹಕ್ಕಿಗಳನ್ನು ನೋಡಿದರು. “ಎರಡುಂಟಲ್ಲ ಮಾರಾಯ್ತಿ, ನಿನ್ನೆ ಒಂದೇ ಇತ್ತು.” “ಅದೇ ನಾನೂ ಹೇಳಿದ್ದು.” ಅಷ್ಟೆ, ಮತ್ತೆ ಹಂಡೆಯ ಹತ್ತಿರ ಹೋದರು.

ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಗಾಟ್‌ಮನ್ ದಶಕಗಟ್ಟಲೆ ಎಣಿಸಿದ್ದು ಇಂಥವನ್ನೇ. ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಒಂದು ಮನೆಯಂಥ ಲ್ಯಾಬ್ ಮಾಡಿ, ಹೊಸ ದಂಪತಿಗಳನ್ನು ಅಲ್ಲಿರಿಸಿ ಗಮನಿಸಿದರು. ಒಬ್ಬರು ಸಣ್ಣದೇನೋ ಹೇಳಿ ಗಮನ ಕೇಳಿದಾಗ ಇನ್ನೊಬ್ಬರು ತಿರುಗಿ ಸ್ಪಂದಿಸುತ್ತಾರಾ, ಇಲ್ಲವಾ ಅನ್ನುವುದು ಅವರ ಲೆಕ್ಕ. ಆರು ವರ್ಷದ ನಂತರವೂ ಜೊತೆಗಿದ್ದವರು ನೂರಕ್ಕೆ 86 ಸಲ ಸ್ಪಂದಿಸಿದ್ದರು. ಬೇರೆಯಾದವರು 33 ಸಲ. ಜಗಳದ ದಿನ ಏನಾಯಿತು ಅನ್ನುವುದೂ ಮುಖ್ಯವೇ. ಆದರೆ ಜಗಳವಿಲ್ಲದ ಮಾಮೂಲಿ ದಿನದಲ್ಲಿ ಕರೆದರೆ ಓ ಅನ್ನುತ್ತಾರಾ ಅನ್ನುವುದರಲ್ಲಿ ಅಷ್ಟು ದೊಡ್ಡ ವ್ಯತ್ಯಾಸ ಕಂಡಿತು.

ನೆಮ್ಮದಿಯಂತೆ ಕಾಣುವ ಇನ್ನೊಂದು

ಆ ತೀರ್ಥಹಳ್ಳಿ ದಂಪತಿ ಮದುವೆಗೆ ಮೊದಲು ಒಬ್ಬರನ್ನೊಬ್ಬರು ನೋಡಿದ್ದು ಒಂದೇ ಸಲವಂತೆ. ಅದನ್ನು ಹಿಡಿದುಕೊಂಡು ಹಳೆಯ ಪದ್ಧತಿಯೇ ಚೆಂದ ಅನ್ನಲು ನಾನು ತಯಾರಿಲ್ಲ. ಅವರಿಗೆ ಅದೃಷ್ಟ ಇತ್ತು, ಎಷ್ಟೋ ಜನರಿಗೆ ಇರಲಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಮದುವೆಯಾದ, 18ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ಗಂಡನಿಂದ ಹಿಂಸೆ ಅನುಭವಿಸಿದವರು ಶೇ 44.4. ಅದರ ಹಿಂದಿನ ಸಮೀಕ್ಷೆಯಲ್ಲಿ ಶೇ 20.6 ಇತ್ತು. ಇವುಗಳಲ್ಲಿ ಎಷ್ಟೋ ಮನೆಗಳು ಹೊರಗಿನಿಂದ ನೋಡಿದರೆ ಗಟ್ಟಿ ಸಂಸಾರಗಳೇ. ಬಿಟ್ಟು ಹೋಗಿಲ್ಲ, ಡೈವೋರ್ಸ್ ಇಲ್ಲ, ಬೆಳ್ಳಿಹಬ್ಬದ ಫೋಟೋ ಗೋಡೆಯಲ್ಲಿದೆ.

ಹಾಗಾಗಿ ಸ್ಥಿರತೆ ಆರಿಸಿಕೋ ಅಂತ ಹೆಣ್ಣುಮಕ್ಕಳಿಗೆ ಹೇಳುವಾಗ ನಾಲಗೆ ಬಿಗಿ ಹಿಡಿಯಬೇಕು. ನಮ್ಮಲ್ಲಿ ಅದು ಬಹುಬೇಗ ಸಹಿಸಿಕೋ ಎಂದಾಗಿಬಿಡುತ್ತದೆ. ಹೊಡೆಯುವ ಮನೆಯಲ್ಲಿ ಇರುವವರಿಗೆ ಸಲಹೆಯೇ ಬೇರೆ. 181 ಮಹಿಳಾ ಸಹಾಯವಾಣಿ ಇದೆ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಇದೆ. ಅದರ ಪ್ರಕಾರ ಮನೆ ಯಾರ ಹೆಸರಿನಲ್ಲೇ ಇರಲಿ, ಅಲ್ಲಿ ವಾಸಿಸುವ ಹಕ್ಕು ಅವಳಿಗಿದೆ. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯ (ಸಿಡಿಪಿಒ) ಕಚೇರಿಯಲ್ಲಿ ದೂರು ಕೊಡಬಹುದು.

ಹಿಡಿತ ಕೂಡ ಕಾಳಜಿಯ ವೇಷ ಹಾಕಿಕೊಂಡು ಬರುತ್ತದೆ. ದಿನಾ ತಪ್ಪದೆ ಫೋನ್ ಮಾಡುವವರೆಲ್ಲ ನೆಚ್ಚಬಹುದಾದವರಲ್ಲ. “ಬಸ್ ಸಿಕ್ತಾ?” ಅಂತ ಇಬ್ಬರೂ ಕೇಳಬಹುದು. ಒಂದು ದಿನ ಉತ್ತರ ಕೊಡದೆ ನೋಡಿ. ಒಬ್ಬ ಮರುದಿನ “ನಿನ್ನೆ ಸುಸ್ತಾಗಿತ್ತಾ?” ಅನ್ನುತ್ತಾನೆ. ಇನ್ನೊಬ್ಬ ಇಪ್ಪತ್ತು ಮಿಸ್ಡ್ ಕಾಲ್ ಕೊಟ್ಟು, ಅವಳ ಗೆಳತಿಗೂ ಫೋನ್ ಮಾಡಿರುತ್ತಾನೆ. ನಿಮ್ಮ ‘ಇಲ್ಲ’, ‘ಬೇಡ’, ‘ಆಗಲ್ಲ’ ಕೇಳಿದಾಗ ಆತ ಹೇಗಿರುತ್ತಾನೆ ಅನ್ನುವುದು ಹತ್ತು ವರ್ಷದ ಸಂಬಳದ ಸ್ಲಿಪ್ಪಿಗಿಂತ ಹೆಚ್ಚು ಹೇಳುತ್ತದೆ.

ಕೆಲವರಿಗೆ ನೆಮ್ಮದಿಯೇ ಒಗ್ಗುವುದಿಲ್ಲ. ಅದಕ್ಕೂ ಕಾರಣವಿದೆ. ಅಪ್ಪ ಒಂದು ದಿನ ಮಸಾಲೆ ದೋಸೆ ಕಟ್ಟಿಸಿಕೊಂಡು ನಗುತ್ತಾ ಬರುತ್ತಾನೆ, ಇನ್ನೊಂದು ದಿನ ಬಾಗಿಲು ಒದೆಯುತ್ತಾನೆ. ಆ ಮನೆಯ ಮಗು ಗೇಟಿನಲ್ಲಿ ಬೈಕಿನ ಸದ್ದು ಕೇಳಿ ಇವತ್ತು ಯಾವ ಅಪ್ಪ ಅಂತ ಅಂದಾಜು ಮಾಡುತ್ತಾ ಬೆಳೆಯುತ್ತದೆ. ಅದಕ್ಕೆ ಪ್ರೀತಿ ಅಂದರೆ ಹಾಗೆ ಕಿವಿಗೊಟ್ಟು ಕಾಯುವುದು. 1987ರಲ್ಲಿ ಮನಶ್ಶಾಸ್ತ್ರಜ್ಞರಾದ ಸಿಂಡಿ ಹೇಜನ್ ಮತ್ತು ಫಿಲಿಪ್ ಶೇವರ್ ಒಂದು ಪತ್ರಿಕೆಯ ಓದುಗರಿಗೆ ಪ್ರೇಮದ ಬಗ್ಗೆ ಪ್ರಶ್ನಾವಳಿ ಕೊಟ್ಟರು. ನಿರಾಳವಾಗಿ ನಂಬಿ ಹತ್ತಿರವಾಗಬಲ್ಲೆ ಅಂದವರು ಸುಮಾರು ಶೇ 56. ಉಳಿದವರಲ್ಲಿ ಕೆಲವರು ಬಿಟ್ಟುಹೋಗುತ್ತಾರೆ ಅಂತ ಸದಾ ಹೆದರುವವರು, ಕೆಲವರು ಹತ್ತಿರ ಬಂದರೆ ದೂರ ಸರಿಯುವವರು. ಹೆದರುವವರಿಗೆ ಶಾಂತ ಸ್ವಭಾವದ ಸಂಗಾತಿ ಮೊದಲ ತಿಂಗಳುಗಳಲ್ಲಿ ಸಪ್ಪೆ ಅನ್ನಿಸಬಹುದು. ಅವರು ಆರು ತಿಂಗಳು ಸಮಯ ಕೊಟ್ಟು ನೋಡುವುದು ಒಳ್ಳೆಯದು. ಅಷ್ಟಾದ ಮೇಲೂ ಮುಟ್ಟಬೇಕು ಅನ್ನಿಸದಿದ್ದರೆ, ಜೊತೆಗೆ ಕೂತು ಒಮ್ಮೆಯೂ ನಗು ಬರದಿದ್ದರೆ, ಅದು ಬೇರೆ. ಒಳ್ಳೆಯವನು ಅನ್ನುವ ಒಂದೇ ಕಾರಣಕ್ಕೆ ಮದುವೆಯಾದರೆ ಅವನಿಗೂ ಅನ್ಯಾಯ.

ಬೋರಾಗುತ್ತದೆ ಎಂಬ ಭಯಕ್ಕೆ ಮಾತ್ರ ಸಮಾಧಾನ ಇದೆ. ಮದುವೆಯಾಗಿ ಸರಾಸರಿ 21 ವರ್ಷವಾದರೂ ಸಂಗಾತಿಯನ್ನು ಗಾಢವಾಗಿ ಪ್ರೀತಿಸುತ್ತೇವೆ ಅನ್ನುವ 17 ಜನರ ಮಿದುಳನ್ನು ಬಿಯಾಂಕಾ ಅಸೆವೆಡೊ ತಂಡ ಸ್ಕ್ಯಾನ್ ಮಾಡಿತ್ತು. 2012ರಲ್ಲಿ ಅಚ್ಚಾದ ಆ ಅಧ್ಯಯನದಲ್ಲಿ, ಹೊಸ ಪ್ರೇಮಿಗಳಲ್ಲಿ ಚುರುಕಾಗುವ ಅದೇ ಡೋಪಮೈನ್ ಭಾಗ ಇವರಲ್ಲೂ ಚುರುಕಾಗಿತ್ತು. ಮೊದಲ ದಿನಗಳ ಆ ಗೀಳು ಮಾತ್ರ ಇವರಲ್ಲಿರಲಿಲ್ಲ. ಇನ್ನೊಂದು ಪ್ರಯೋಗದಲ್ಲಿ, 2000ನೇ ಇಸವಿಯದ್ದು, ತೂಗುಸೇತುವೆ ಪ್ರಯೋಗದ ಅದೇ ಅರೋನ್ ಅವರ ತಂಡ ಗಂಡ ಹೆಂಡತಿಯ ಕೈಕಾಲು ಜೋಡಿಸಿ ಕಟ್ಟಿ ಏಳು ನಿಮಿಷ ಚಾಪೆಯ ಮೇಲೆ ಅಂಬೆಗಾಲಿಡಿಸಿತು. ಈ ಹುಚ್ಚಾಟ ಆಡಿದ ಜೋಡಿಗಳಿಗೆ ತಮ್ಮ ಸಂಬಂಧವೇ ಮೊದಲಿಗಿಂತ ಚೆನ್ನಾಗಿದೆ ಅನ್ನಿಸಿತಂತೆ. ನಮಗೆ ಅಷ್ಟೆಲ್ಲ ಬೇಕಾಗಿಲ್ಲ. ಕೊಡಚಾದ್ರಿಯ ಜೀಪಿನಲ್ಲಿ ಒಮ್ಮೆ ಒಟ್ಟಿಗೆ ಕೂತರೆ ಸಾಕು, ಮೂಳೆಗಳೆಲ್ಲ ಜಾಗ ಬದಲಿಸುತ್ತವೆ. ಊರಿಗೆ ಯಕ್ಷಗಾನ ಮೇಳ ಬಂದರೆ ಕಂಬಳಿ ಹೊದ್ದು ರಾತ್ರಿ ಪೂರ್ತಿ ಆಟ ನೋಡಬಹುದು. ನೆಚ್ಚಬಹುದಾದ ಇಬ್ಬರು ಸೇರಿ ಥ್ರಿಲ್ ಹುಟ್ಟಿಸಿಕೊಳ್ಳುವುದು ಸುಲಭ. ಥ್ರಿಲ್ ಒಂದೇ ಇರುವ ಕಡೆ ನೆಚ್ಚಿಕೆಯನ್ನು ಹುಟ್ಟಿಸುವುದು ಬಹಳ ಕಷ್ಟ.

ಉಳಿದದ್ದು ಆ ನೆಚ್ಚಿಕೆಯನ್ನು ಮೊದಲೇ ಗುರುತಿಸುವುದು ಹೇಗೆ ಅನ್ನುವ ಪ್ರಶ್ನೆ. ಹೆಣ್ಣು ನೋಡುವ ದಿನ ಕೇಸರಿಬಾತು ತಿಂದಾದ ಮೇಲೆ “ಇಬ್ಬರೂ ಸ್ವಲ್ಪ ಮಾತಾಡ್ಕೊಳ್ಳಿ” ಅಂತ ಜಗಲಿಗೆ ಕಳಿಸುತ್ತಾರೆ. ಆ ಕಾಲು ಗಂಟೆ ಹಾಬಿ, ಫೇವರಿಟ್ ಸಿನಿಮಾದಲ್ಲೇ ಮುಗಿಯುತ್ತದೆ. ಸಾಗರದ ಹತ್ತಿರದ ಒಬ್ಬ ಹುಡುಗಿ ಮಾತ್ರ ಹುಡುಗನನ್ನು ಹೀಗೆ ಕೇಳಿದಳಂತೆ: “ಮಳೆಗಾಲದಲ್ಲಿ ಮೂರು ದಿನ ಕರೆಂಟ್ ಬರದಿದ್ರೆ ನಿಮ್ಮನೇಲಿ ಬಾವಿಯಿಂದ ನೀರು ಸೇದೋದು ಯಾರು?” ಹುಡುಗ ಅಮ್ಮ ಅಂದ. ನೀವು ಊರಲ್ಲಿದ್ದಾಗ? ಆಗಲೂ ಅಮ್ಮನೇ, ಅವರಿಗೆ ಅಭ್ಯಾಸ ಇದೆ ಅಂದ. ಸಂಬಂಧ ಮುಂದುವರಿಯಲಿಲ್ಲ. ಹುಡುಗಿಗೆ ಕೊಬ್ಬು ಅಂತ ಮಧ್ಯಸ್ಥರು ಎರಡು ತಾಲ್ಲೂಕಿಗೆ ಹೇಳಿಕೊಂಡು ಬಂದರು. ಹುಡುಗನ ಅಮ್ಮ ಮಾತ್ರ, ಕೇಳಿದ್ರಲ್ಲಿ ಏನ್ ತಪ್ಪಿದೆ ಅಂದರಂತೆ.